ಎರಡನೇ ಬದಿಯ ಮೂರನೇ ಹಾಡಿನಲ್ಲಿ ಇಲ್ಲದ ಸ್ಯಾಕ್ಸೊಫೋನು

ಹಳೆಯ ಜಾಝ್ ರೆಕಾರ್ಡುಗಳನ್ನು ಹೊಸದಾಗಿ ಹೊರತರುವ ಸಂಸ್ಥೆಯ ಮರುಮುದ್ರಣ ವಿಭಾಗದ ಮುಖ್ಯಸ್ಥರಿಗೆ ಒಂದು ಬಹಿರಂಗ ದೂರು

ಮಾನ್ಯರೇ,

ತಾವೂ ತಮ್ಮ ಕುಟುಂಬದವರೂ ತಮ್ಮ ಉಗ್ರಾಣದಲ್ಲಿ ಮಲಗಿರುವ ಸಮಸ್ತ ಟೇಪುಗಳೂ ಧೂಳು, ತೇವ, ಇಲಿಗಳ ಕಾಟವಿಲ್ಲದೆ ಸುಖವಾಗಿರಲಿ ಎಂಬ ಹಾರೈಕೆಯೊಂದಿಗೆ ಈ ಪತ್ರವನ್ನು ಆರಂಭಿಸುತ್ತಿದ್ದೇನೆ. ಇದನ್ನು ಬಹಿರಂಗವಾಗಿ ಬರೆಯಲು ಕಾರಣ, ಖಾಸಗಿಯಾಗಿ ಬರೆದ ನಾಲ್ಕು ಪತ್ರಗಳಿಗೆ ತಮ್ಮ ಯಂತ್ರವು 'ತಮ್ಮ ಆಸಕ್ತಿಗೆ ಧನ್ಯವಾದ' ಎಂಬ ಒಂದೇ ಉತ್ತರವನ್ನು ನಾಲ್ಕು ಸಲ ಕಳಿಸಿದ್ದು. ಮರುಮುದ್ರಣದಲ್ಲಿ ತಮಗಿರುವ ನಿಷ್ಠೆಗೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ.

ನನ್ನ ಪರಿಚಯ ಚಿಕ್ಕದು. ಹಗಲಿನಲ್ಲಿ ನಾನು ಅಳತೆ ಮತ್ತು ತೂಕದ ಕಚೇರಿಯ ತಪಾಸಣಾಧಿಕಾರಿ; ಅಂಗಡಿಯ ತಕ್ಕಡಿಯ ಅಡಿಗೆ ಅಂಟಿಸಿದ ಅಯಸ್ಕಾಂತವನ್ನು ಬೆರಳ ತುದಿಯಿಂದಲೇ ಪತ್ತೆ ಹಚ್ಚಿ, ಅದರ ಮಾಲೀಕರಿಗೆ ಸತ್ಯದ ಬಗ್ಗೆ ಕಾಲು ಗಂಟೆ ಉಪದೇಶ ಮಾಡುವುದು ನನ್ನ ಕೆಲಸ. ಉಳಿದ ಹೊತ್ತಿನಲ್ಲಿ ಜಾಝ್ ರೆಕಾರ್ಡುಗಳ ಸಂಗ್ರಾಹಕ. ಮೊದಲ ಮುದ್ರಣ, ಎರಡನೇ ಮುದ್ರಣ, ಲೇಬಲ್ಲಿನ ಬಣ್ಣ ತಪ್ಪಾದ ಮುದ್ರಣ, ಆ ತಪ್ಪನ್ನು ತಿದ್ದಲು ಹೋಗಿ ಇನ್ನೊಂದು ತಪ್ಪು ಮಾಡಿದ ಮುದ್ರಣ, ಹೀಗೆ ಒಂದೇ ಸಂಗೀತದ ನಾಲ್ಕು ನಾಲ್ಕು ಪ್ರತಿಗಳು ನಮ್ಮ ಬಟ್ಟೆಯ ಬೀರುವಿನಲ್ಲಿವೆ. ಬಟ್ಟೆಗಳು ಕುರ್ಚಿಯ ಮೇಲಿವೆ. ನನ್ನ ಹೆಂಡತಿ ಇದನ್ನು ಕಾಯಿಲೆ ಎನ್ನುವುದಿಲ್ಲ. 'ಕಾಯಿಲೆ ಆಗಿದ್ರೆ ಯಾವತ್ತೋ ವಾಸಿ ಆಗ್ತಿತ್ತು' ಎನ್ನುತ್ತಾಳೆ.

ತಮ್ಮ ಸಂಸ್ಥೆ ಐವತ್ತು ವರ್ಷಗಳ ಹಿಂದೆ ಕೆಲವೇ ನೂರು ಪ್ರತಿ ಮುದ್ರಿಸಿ ಮರೆತುಬಿಟ್ಟ, ಮುಖಪುಟದಲ್ಲಿ ನೀಲಿ ಬಾಗಿಲಿರುವ ಆ ರೆಕಾರ್ಡನ್ನು ನಾನು ಆರು ವರ್ಷ ಬೆನ್ನಟ್ಟಿ, ಕೊನೆಗೆ ಮುಚ್ಚಿಹೋಗುತ್ತಿದ್ದ ವಾದ್ಯದಂಗಡಿಯೊಂದರ ಅಟ್ಟದಿಂದ ಇಳಿಸಿಕೊಂಡೆ. ಅದರ ಪ್ಲಾಸ್ಟಿಕ್ ಹೊದಿಕೆ ಇನ್ನೂ ಹರಿದಿರಲಿಲ್ಲ. ಹೊದಿಕೆ ಹರಿಯದ ರೆಕಾರ್ಡನ್ನು ನಮ್ಮ ಪಂಗಡದವರು ಮುಟ್ಟಬಹುದು, ಮೂಸಬಹುದು, ಬೆಳಕಿಗೆ ಹಿಡಿದು ನಿಟ್ಟುಸಿರು ಬಿಡಬಹುದು. ಹರಿದರೆ ಬೆಲೆ ಹೋಗುವುದರಿಂದ, ಕೇಳುವುದೊಂದನ್ನು ಬಿಟ್ಟು ಮತ್ತೆಲ್ಲ ಮಾಡಬಹುದು. ಮುಖಪುಟದ ಬಾಗಿಲ ಮುಂದೆ ಸ್ಟೂಲಿನ ಮೇಲೆ ಒಬ್ಬ ದಪ್ಪ ಮನುಷ್ಯ ತೊಡೆಯ ಮೇಲೆ ಸ್ಯಾಕ್ಸೊಫೋನ್ ಇಟ್ಟುಕೊಂಡು ಕೂತಿದ್ದಾನೆ. ಹಿಂಬದಿಯಲ್ಲಿ ಹಾಡುಗಳ ಪಟ್ಟಿ ಬಿಟ್ಟರೆ ಬೇರೇನೂ ಇಲ್ಲ. ಯಾರು ಏನು ನುಡಿಸಿದರೆಂದು ಅಚ್ಚು ಹಾಕುವ ದುಂದುಗಾರಿಕೆಗೆ ತಾವು ಕೈ ಹಾಕಿರಲಿಲ್ಲ.

ಪ್ರತಿ ಭಾನುವಾರ ಬೆಳಿಗ್ಗೆ ನಾವು ಆರು ಮಂದಿ ದಂತವೈದ್ಯರೊಬ್ಬರ ಕ್ಲಿನಿಕ್ಕಿನ ಕಾಯುವ ಕೋಣೆಯಲ್ಲಿ, ಹಲ್ಲುಜ್ಜುವ ವಿಧಾನದ ಚಿತ್ರಪಟದ ಕೆಳಗೆ ಸೇರಿ ರೆಕಾರ್ಡು ಕೇಳುತ್ತೇವೆ. ನೀಲಿ ಬಾಗಿಲಿನ ರೆಕಾರ್ಡನ್ನು ನಾನು ಮೊದಲ ಸಲ ಅಲ್ಲಿಗೆ ಒಯ್ದಾಗ ದಂತವೈದ್ಯರು 'ಹೇಗಿದೆ?' ಎಂದು ಕೇಳಿದರು. 'ಗೊತ್ತಿಲ್ಲ, ಹೊದಿಕೆ ಹರಿಯೋಕೆ ಮನಸ್ಸಿಲ್ಲ' ಎಂದಿದ್ದರೆ ಈ ಪತ್ರವೇ ಇರುತ್ತಿರಲಿಲ್ಲ. ಆದರೆ ಐದು ಜೊತೆ ಕಣ್ಣುಗಳು ನನ್ನ ಬಾಯನ್ನೇ ನೋಡುತ್ತಿದ್ದವು, ನಾಲಿಗೆ ತನ್ನ ಪಾಡಿಗೆ ಹೊರಟಿತು. ಇದರ ಇನ್ನೊಂದು ಪ್ರತಿಯನ್ನು ಹಿಂದೊಮ್ಮೆ ಪರಿಚಯದವರ ಮನೆಯಲ್ಲಿ ಕೇಳಿದ್ದೇನೆಂದೂ, ಎರಡನೇ ಬದಿಯ ಮೂರನೇ ಹಾಡಿನಲ್ಲಿ ಸ್ಯಾಕ್ಸೊಫೋನ್ ಬರುತ್ತದಲ್ಲ, ಅಬ್ಬಾ, ಅದನ್ನು ಕೇಳಿಯೇ ತಿಳಿಯಬೇಕೆಂದೂ ಹೇಳಿ ಕಣ್ಣು ಮುಚ್ಚಿದೆ. ಕಣ್ಣು ಮುಚ್ಚಿದ್ದು ನಾಚಿಕೆಗೆ. ಅವರು ತನ್ಮಯತೆ ಎಂದುಕೊಂಡರು. ಮೊದಲ ವರ್ಷ ಅರ್ಧ ನಿಮಿಷವಿದ್ದ ಆ ವಾದನಕ್ಕೆ ರೆಕ್ಕೆಪುಕ್ಕ ಹುಟ್ಟಿ, ಒಂಬತ್ತನೇ ವರ್ಷಕ್ಕೆ ಅದು ಎರಡೂವರೆ ನಿಮಿಷವಾಗಿ, ನುಡಿಸುವವನು ನಡುವೆ ಉಸಿರೆಳೆದುಕೊಳ್ಳುವ ಸದ್ದೂ ಅದಕ್ಕೆ ಸೇರಿಕೊಂಡಿತು. ಆ ಉಸಿರಿನ ಬಗ್ಗೆ ನನಗೆ ಈಗಲೂ ಸ್ವಲ್ಪ ಹೆಮ್ಮೆಯಿದೆ.

ಇಷ್ಟಕ್ಕೇ ನಿಂತಿದ್ದರೆ ನಾನು ಬರೀ ಬಡಾಯಿಕೋರ. ಆದರೆ ನಮ್ಮ ಆರು ಮಂದಿಯಲ್ಲಿ ಒಬ್ಬರು ಲಿಫ್ಟ್ ಮೆಕ್ಯಾನಿಕ್. ಮಾತು ಕಡಿಮೆ, ಕೈ ಚುರುಕು. ಎರಡನೇ ವರ್ಷ ಅವರು ಎಲ್ಲಿಂದಲೋ ಒಂದು ಹಳೆಯ ಸ್ಯಾಕ್ಸೊಫೋನ್ ಹೊಂದಿಸಿಕೊಂಡು, ತಾವು ನೋಡಿಕೊಳ್ಳುವ ಒಂಬತ್ತು ಅಂತಸ್ತಿನ ಕಟ್ಟಡದ ಮೇಲಿನ ಯಂತ್ರದ ಕೋಣೆಯಲ್ಲಿ, ಊಟದ ಬಿಡುವಿನಲ್ಲಿ ಕಲಿಯಲಾರಂಭಿಸಿದರು. ಅವರ ಗುರಿ ಒಂದೇ, ನನ್ನ ವರ್ಣನೆಯಲ್ಲಿ ವರ್ಷವರ್ಷವೂ ಬೆಳೆಯುತ್ತಿದ್ದ ಆ ವಾದನ. ತಿಂಗಳಿಗೊಮ್ಮೆ ನನ್ನ ಮುಂದೆ ನುಡಿಸಿ 'ಹತ್ರ ಬಂತಾ ಸಾರ್?' ಎನ್ನುವರು. ನಾನು ಕುರ್ಚಿಗೆ ಒರಗಿ, ಗಲ್ಲ ಸವರಿಕೊಂಡು, 'ಇನ್ನೂ ಸ್ವಲ್ಪ ತಡವಾಗಿ ಶುರುವಾಗಬೇಕು' ಎಂದೋ, 'ಅಲ್ಲಿ ದನಿ ಒಂಚೂರು ಒಡೀಬೇಕು' ಎಂದೋ ತೀರ್ಪು ಕೊಡುವೆ. ಅವರು ತಲೆಯಾಡಿಸಿ ಪುಟ್ಟ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುವರು. ಏಳು ವರ್ಷ, ಮಾನ್ಯರೇ.

ಹೀಗೆ ಎಲ್ಲವೂ ಚೆನ್ನಾಗಿಯೇ ನಡೆದಿರುವಾಗ ತಾವು, ಯಾರೂ ಕೇಳದೆಯೇ, ಆ ರೆಕಾರ್ಡನ್ನು ಮೂಲ ಟೇಪಿನಿಂದ ಶುಚಿಗೊಳಿಸಿ, ನಲವತ್ತು ಪುಟದ ಪುಸ್ತಿಕೆಯ ಸಮೇತ ಮರುಮುದ್ರಿಸಿದಿರಿ. ಅದನ್ನು ಭಾನುವಾರದ ಕೂಟದಲ್ಲಿ ಹಾಕುವುದೆಂದು ದಂತವೈದ್ಯರು ಸಾರಿದ್ದರು. ಬುಧವಾರ ಪಾರ್ಸೆಲ್ ಬಂತು, ಆಫೀಸಿಗೆ ರಜೆ ಹಾಕಿ ಕೇಳಿದೆ. ಪಿಯಾನೊ ಇತ್ತು, ಬಾಸ್ ಇತ್ತು, ಡ್ರಮ್ಸ್ ಇತ್ತು. ನಾಲ್ಕನೆಯದು ಇರಲಿಲ್ಲ. ಪುಸ್ತಿಕೆಯ ಹನ್ನೊಂದನೇ ಪುಟದಲ್ಲಿ ತಾವು ಅತ್ಯಂತ ಪ್ರಾಮಾಣಿಕವಾಗಿ ತಿಳಿಸಿರುವಂತೆ, ಮುಖಪುಟದ ಮಹನೀಯರು ಸಂಗೀತಗಾರರೇ ಅಲ್ಲ. ದುರಸ್ತಿಯಾದ ಸ್ಯಾಕ್ಸೊಫೋನನ್ನು ಪಕ್ಕದ ಸ್ಟುಡಿಯೋಗೆ ತಲುಪಿಸಲು ಬಂದು, ಬಾಗಿಲು ತೆಗೆಯುವವರೆಗೆ ಸ್ಟೂಲಿನ ಮೇಲೆ ಕೂತಿದ್ದ ವ್ಯಾನ್ ಚಾಲಕರು. ಐವತ್ತು ವರ್ಷ ಮುಚ್ಚಿಟ್ಟ ಈ ವಿಷಯವನ್ನು ಇನ್ನೊಂದು ಇಪ್ಪತ್ತು ವರ್ಷ, ಅಂದರೆ ನಾನು ಹೋಗುವವರೆಗೆ, ಮುಚ್ಚಿಡಲು ತಮಗೇನು ದಾಡಿಯಾಗಿತ್ತು ಎಂದು ವಿನಯಪೂರ್ವಕವಾಗಿ ಕೇಳುತ್ತೇನೆ.

ಶುಚಿಗೊಳಿಸುವ ಭರದಲ್ಲಿ ತಾವೇ ಸ್ಯಾಕ್ಸೊಫೋನನ್ನು ಅಳಿಸಿರಬಹುದೆಂಬ ಕೊನೆಯ ಆಸೆಯಿಂದ, ಒಂಬತ್ತು ವರ್ಷ ಉಸಿರು ಬಿಗಿಹಿಡಿದು ಕಾಪಾಡಿದ್ದ ಆ ಹೊದಿಕೆಯನ್ನು ಉಗುರು ಕತ್ತರಿಸುವ ಕತ್ತರಿಯಿಂದ ಹರಿದೆ. ಅದರಲ್ಲೂ ಮೂವರೇ. ಹೆಂಡತಿ ಬಾಗಿಲಿಗೆ ಒರಗಿ ನಿಂತು ಎಲ್ಲವನ್ನೂ ನೋಡಿ, 'ಊರಿನ ತಕ್ಕಡಿ ಎಲ್ಲ ಸರಿ ಮಾಡೋ ಬೆಪ್ಪುತಕ್ಕಡಿ' ಎಂದು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಆಮೇಲೆ ಥಟ್ಟನೆ ನಗು ನಿಲ್ಲಿಸಿ, 'ಪಾಪ, ಆ ಮೆಕ್ಯಾನಿಕ್‌ಗೆ ಏನಂತ ಹೇಳ್ತೀರಿ?' ಎಂದಳು. ಅಲ್ಲಿಯವರೆಗೆ ನಾನು ನನ್ನ ಮರ್ಯಾದೆಯ ಬಗ್ಗೆ ಮಾತ್ರ ಚಿಂತಿಸುತ್ತಿದ್ದೆ ಎಂಬುದನ್ನು ಇಲ್ಲಿ ಒಪ್ಪಿಕೊಳ್ಳುತ್ತೇನೆ.

ಮಾರನೇ ದಿನ ಮಧ್ಯಾಹ್ನ ಆ ಕಟ್ಟಡಕ್ಕೆ ಹೋದೆ. ಬಾಗಿಲಿನ ಮೇಲೆ 'ಲಿಫ್ಟ್ ದುರಸ್ತಿಯಲ್ಲಿದೆ' ಎಂಬ ಫಲಕ ನೇತಾಡುತ್ತಿತ್ತು, ಒಂಬತ್ತು ಮಹಡಿ ಹತ್ತಿದೆ. ಏಳನೇ ಮಹಡಿಯಲ್ಲಿ ಮಂಡಿ ಕೈಕೊಟ್ಟು ಮೆಟ್ಟಿಲ ಮೇಲೆ ಕುಸಿದಾಗ ಮೇಲಿನಿಂದ ಸ್ಯಾಕ್ಸೊಫೋನ್ ಕೇಳಿಸಿತು. ತಪ್ಪು ಹುಡುಕುವ ಕೆಲಸವಿಲ್ಲದೆ ಅವರ ವಾದನವನ್ನು ನಾನು ಕೇಳಿದ್ದು ಅದೇ ಮೊದಲು. ತಡವಾಗಿ ಶುರುವಾಯಿತು, ದನಿ ಒಂಚೂರು ಒಡೆಯಿತು, ನಡುವೆ ಉಸಿರೆಳೆದುಕೊಂಡದ್ದೂ ಕೇಳಿಸಿತು. ತುಂಬ ಚೆನ್ನಾಗಿತ್ತು, ಮಾನ್ಯರೇ. ನನಗೆ ಅಲ್ಲೇ ಅಳು ಬಂತು.

ಮೇಲೆ ಹೋಗಿ ಎಲ್ಲವನ್ನೂ ಒದರಿಬಿಟ್ಟೆ. ಅವರು ಎಣ್ಣೆಬಟ್ಟೆಯಿಂದ ಒಂದೊಂದೇ ಬೆರಳನ್ನು ಒರೆಸಿಕೊಳ್ಳುತ್ತ ಕೇಳಿಸಿಕೊಂಡರು. ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿದ್ದೆ. ಕೊನೆಗೆ, 'ಹಾಗಾದ್ರೆ ಏಳು ವರ್ಷ ಸರಿಯಿಲ್ಲ ಸರಿಯಿಲ್ಲ ಅಂತಿದ್ರಲ್ಲ, ಅದು ಯಾವುದಕ್ಕೆ ಹೋಲಿಸಿ ಸಾರ್?' ಎಂದು ಕೇಳಿ, ವಾದ್ಯವನ್ನು ಪೆಟ್ಟಿಗೆಯಲ್ಲಿಟ್ಟು ಮುಚ್ಚಿದರು. ನಾನು ಬೆಪ್ಪನಂತೆ ನಿಂತೆ. ಅಯಸ್ಕಾಂತ ಸಿಕ್ಕಿಬಿದ್ದ ಅಂಗಡಿಯವರು ನನ್ನ ಮುಂದೆ ಹೇಗೆ ನಿಲ್ಲುತ್ತಾರೋ ಹಾಗೆ. ಆ ಭಾನುವಾರ ರೆಕಾರ್ಡು ಹಾಕುವ ಮೊದಲೇ ಕೂಟದ ಉಳಿದವರಿಗೂ ನಿಜ ಹೇಳಿದೆ. ಮೆಕ್ಯಾನಿಕ್ ಬರಲಿಲ್ಲ, ಮುಂದಿನ ಭಾನುವಾರಕ್ಕೂ ಬರಲಿಲ್ಲ.

ಆದ್ದರಿಂದ ತಮ್ಮಲ್ಲಿ ನನ್ನ ಕೋರಿಕೆ ಸರಳವಾದದ್ದು. ತಾವು ಇನ್ನೊಂದು ಮರುಮುದ್ರಣ ತರುವುದು ಸೂರ್ಯೋದಯದಷ್ಟೇ ಖಚಿತವಾಗಿರುವುದರಿಂದ, ಅದರಲ್ಲಿ ದಯಮಾಡಿ ಎರಡನೇ ಬದಿಯ ಮೂರನೇ ಹಾಡಿಗೆ ಎರಡೂವರೆ ನಿಮಿಷದ ಸ್ಯಾಕ್ಸೊಫೋನ್ ವಾದನವನ್ನು ಸೇರಿಸತಕ್ಕದ್ದು. ಆ ಮೂವರು ಕಲಾವಿದರೂ ಈಗ ಇಲ್ಲದ ಕಾರಣ ಅವರ ಕಡೆಯಿಂದ ತಕರಾರು ಬರಲಾರದು. ಅದು ಸಾಧ್ಯವಿಲ್ಲದಿದ್ದರೆ, ವ್ಯಾನ್ ಚಾಲಕರ ಕೈಯಲ್ಲಿ ಸ್ಯಾಕ್ಸೊಫೋನಿನ ಬದಲು ಒಂದು ಛತ್ರಿ ಇರುವಂತೆ ಹಳೆಯ ಪ್ರತಿಗಳನ್ನೆಲ್ಲ ಹಿಂದಿನ ತಾರೀಖಿನಿಂದ ಜಾರಿಗೆ ಬರುವಂತೆ ತಿದ್ದಿಕೊಡತಕ್ಕದ್ದು.

ಇಷ್ಟು ಬರೆದು ಲಕೋಟೆಗೆ ಹಾಕದೆ ಇಟ್ಟಿದ್ದೆ. ಅಷ್ಟರಲ್ಲಿ ಮೂರನೇ ಭಾನುವಾರ ಬಂತು, ಮೆಕ್ಯಾನಿಕ್ಕೂ ಬಂದರು, ಪೆಟ್ಟಿಗೆ ಹಿಡಿದುಕೊಂಡು. ತಮ್ಮ ಮರುಮುದ್ರಣದ ಆ ಹಾಡನ್ನು ಹಾಕುವಂತೆ ದಂತವೈದ್ಯರಿಗೆ ಹೇಳಿ, ನನ್ನ ಕಡೆ ತಿರುಗಿ, 'ಅಭಿಪ್ರಾಯ ಬೇಡ ಸಾರ್, ಸುಮ್ನೆ ಕೂತ್ಕೊಳ್ಳಿ' ಎಂದರು. ಆಮೇಲೆ ಪಿಯಾನೊದ ಜೊತೆಗೆ ನುಡಿಸಿದರು. ಅದು ನಾನು ಹೇಳಿಕೊಟ್ಟದ್ದಾಗಿರಲಿಲ್ಲ. ತಡವಾಗಿ ಶುರುವಾಗಲಿಲ್ಲ, ದನಿ ಎಲ್ಲೂ ಒಡೆಯಲಿಲ್ಲ. ಆ ಬದಿಯ ಕೊನೆಯದಾದ ಆ ಹಾಡು ಮುಗಿದು ಮುಳ್ಳು ಖಾಲಿ ಗೆರೆಯಲ್ಲಿ ಸುತ್ತುತ್ತಿದ್ದರೂ ಅವರು ನಿಲ್ಲಿಸಲಿಲ್ಲ, ಮುಳ್ಳನ್ನು ಎತ್ತಲು ನಾವ್ಯಾರೂ ಏಳಲಿಲ್ಲ. ನಾನು, ಅವರು ಹೇಳಿದಂತೆ, ಸುಮ್ಮನೆ ಕೂತಿದ್ದೆ.

ಆದ ಕಾರಣ ಮೇಲಿನ ಕೋರಿಕೆಗಳನ್ನು ಹಿಂತೆಗೆದುಕೊಂಡಿದ್ದೇನೆ. ತಮ್ಮ ರೆಕಾರ್ಡು ಹೇಗಿದೆಯೋ ಹಾಗೇ ಇರಲಿ. ಅಲ್ಲಿ ಬೇಕಾದಷ್ಟು ಜಾಗವಿದೆ.

ತಮ್ಮ ವಿಶ್ವಾಸಿ,
ನಾಲ್ಕು ಪತ್ರಗಳ ಹಳೆಯ ಗಿರಾಕಿ

ಮರೆತ ಮಾತು: ತಾವು ಮೊನ್ನೆ ಹೊರತಂದ ಮತ್ತೊಂದು ಅಪರೂಪದ ರೆಕಾರ್ಡನ್ನೂ ತರಿಸಿಕೊಂಡಿದ್ದೇನೆ, ಈ ಚಾಳಿ ಬಿಡುವುದಿಲ್ಲ. ಮುಖಪುಟದಲ್ಲಿ ಒಬ್ಬ ಹೆಂಗಸು ಟ್ರಂಪೆಟ್ ಹಿಡಿದು ನಿಂತಿದ್ದಾರೆ. ಹೊದಿಕೆ ಹರಿಯದ ಅದನ್ನು ಕೂಟಕ್ಕೆ ಒಯ್ದಾಗ ದಂತವೈದ್ಯರು 'ಹೇಗಿದೆ?' ಎಂದರು. ಬಾಯಿ ತೆರೆದಿದ್ದೆ, ಟ್ರಂಪೆಟ್ಟಿನ ಮೊದಲ ಸ್ವರ ನಾಲಿಗೆಯ ತುದಿಗೆ ಬಂದಿತ್ತು. ಎದುರಿಗೆ ಕೂತ ಮೆಕ್ಯಾನಿಕ್ ನೋಟ್‌ಬುಕ್ ತೆಗೆದು, ಪೆನ್ನಿನ ಮುಚ್ಚಳ ಬಿಚ್ಚಿ, ನನ್ನನ್ನೇ ನೋಡುತ್ತಿದ್ದರು. 'ಇನ್ನೂ ಕೇಳಿಲ್ಲ' ಎಂದೆ. ಒಂಬತ್ತು ವರ್ಷಗಳಲ್ಲಿ ನಾನು ಮಾಡಿದ ಮೊದಲ ಪ್ರಾಮಾಣಿಕ ವಿಮರ್ಶೆ ಅದು. ತಮ್ಮ ಜಾಹೀರಾತಿನಲ್ಲಿ ಬಳಸಿಕೊಳ್ಳಲು ನನ್ನ ಅಭ್ಯಂತರವಿಲ್ಲ.