ಪುಸ್ತಕದ ಬಸ್ಸಿನ ಚಾಲಕ ದೇಶ ಬಿಡುವ ಬಗ್ಗೆ

ಇಂದ:
ವೆಸಾ ಕೀಸ್ಕಿನೆನ್, ವಯಸ್ಸು 51,
ಚಾಲಕ, ಪುಸ್ತಕದ ಬಸ್ಸು (ಸಂಚಾರಿ ಗ್ರಂಥಾಲಯ),
ಹಿರ್ವಿಲಾಂಪಿ ಪುರಸಭೆ ಗ್ರಂಥಾಲಯ, ಫಿನ್‌ಲೆಂಡ್.

ಗೆ:
ಶ್ರೀಮತಿ ರಾಕೆಲ್ ತೋಲ್ವನೆನ್,
ಮುಖ್ಯ ಗ್ರಂಥಪಾಲಕರು,
ಅದೇ ಗ್ರಂಥಾಲಯ, ಮೇಲ್ಮಹಡಿ.

ದಿನಾಂಕ: 12 ಜೂನ್

ವಿಷಯ: ಅರ್ಜಿದಾರನು ನ್ಯೂಜಿಲೆಂಡಿಗೆ ವಲಸೆ ಹೋಗುವ ಬಗ್ಗೆ, ಹೋಗದಿರುವ ಬಗ್ಗೆ, ಹಾಗೂ ಕೊನೆಗೆ ಹೋಗಿಯೇ ಬಿಡುವ ಬಗ್ಗೆ.

ಉಲ್ಲೇಖ:
1) ನನ್ನ ರಾಜೀನಾಮೆ ಪತ್ರ, ದಿ. 3 ಮಾರ್ಚ್.
2) ಸದರಿ ರಾಜೀನಾಮೆಯನ್ನು ಹಿಂಪಡೆದ ಪತ್ರ, ದಿ. 14 ಏಪ್ರಿಲ್.
3) ಸದರಿ ಹಿಂಪಡೆದ ಪತ್ರವನ್ನು ಹಿಂಪಡೆದ ಪತ್ರ, ದಿ. 28 ಏಪ್ರಿಲ್.
4) ಉಲ್ಲೇಖ (3)ನ್ನು ರದ್ದುಪಡಿಸಿ ಉಲ್ಲೇಖ (2)ಕ್ಕೆ ಮರುಜೀವ ಕೊಟ್ಟ ಪತ್ರ, ದಿ. 2 ಜೂನ್.
5) "ಏನ್ ವೆಸಾ, ಈ ಸಲ ಯಾವ ಕಡೆ?" ಎಂದು ತಾವು ಮೆಟ್ಟಿಲ ಮೇಲೆ ಕೇಳಿದ ಮೌಖಿಕ ಪ್ರಶ್ನೆ, ದಿ. 10 ಜೂನ್.

ಮಾನ್ಯರೇ,

ಉಲ್ಲೇಖ (5)ರ ಪ್ರಶ್ನೆಗೆ ಆ ದಿನ ನಾನು ಉತ್ತರ ಕೊಡದೆ ಕೆಮ್ಮಿ ಕೆಳಗಿಳಿದದ್ದು ಸರಿಯಷ್ಟೇ. ಆ ಕೆಮ್ಮಿನ ಬದಲಿಗೆ ಈ ಕೆಳಕಂಡ ವಿವರಣೆಯನ್ನು ಸಲ್ಲಿಸುತ್ತಿದ್ದೇನೆ.

1. ನಾನು ಇಪ್ಪತ್ಮೂರು ವರ್ಷಗಳಿಂದ ಪುಸ್ತಕದ ಬಸ್ಸನ್ನು ಒಂದೇ ದಾರಿಯಲ್ಲಿ ಓಡಿಸುತ್ತಿದ್ದೇನೆ. ಮೂವತ್ತೊಂದು ನಿಲ್ದಾಣ, ಎರಡು ಕೆರೆ, ಒಂದು ಸೇತುವೆ. ಇದರಾಚೆ ನಾನು ಕಂಡ ಪರದೇಶವೆಂದರೆ ಹಡಗಿನಲ್ಲಿ ಹೋದ ಟಾಲಿನ್ ನಗರ ಒಂದೇ. ಅಲ್ಲೂ ವಾಂತಿ ಮಾಡಿಕೊಂಡೆ. ಹೀಗಿರಲಾಗಿ, ಸೂಲಗಿತ್ತಿಯಾಗಿರುವ ನನ್ನ ಹೆಂಡತಿ ತುಯಿರೆಗೆ ನ್ಯೂಜಿಲೆಂಡಿನ ಆಸ್ಪತ್ರೆಯೊಂದರಲ್ಲಿ ಕೆಲಸ ಸಿಕ್ಕಿತು. ಅವಳು ಮೂವತ್ತರ ವಯಸ್ಸಿನಿಂದ ಕಂಡ ಕನಸು ಅದು. ಆ ಸಂತೋಷದಲ್ಲಿ ಅವಳು ನನ್ನನ್ನು ಎತ್ತಿ ಒಂದು ಸುತ್ತು ತಿರುಗಿಸಿದಳು. ಕೆಳಗಿಳಿದ ಕೂಡಲೇ, ತಲೆ ಇನ್ನೂ ತಿರುಗುತ್ತಿದ್ದಾಗಲೇ, ನಾನು ಉಲ್ಲೇಖ (1)ನ್ನು ಬರೆದೆ.

2. ಮರುದಿನದಿಂದ ಹೆದರಿಕೆ ಶುರುವಾಯಿತು. ಆ ದೇಶದಲ್ಲಿ ಗಾಡಿ ಎಡಬದಿಗೆ ಓಡಿಸಬೇಕೆಂದು ತಿಳಿದು ಬಂದದ್ದು ಮುಖ್ಯ ಕಾರಣ. ಆದ್ದರಿಂದ ಅಭ್ಯಾಸಕ್ಕೆಂದು ಏಪ್ರಿಲ್ 13ರಂದು ಐಸ್-ಹಾಕಿ ಆಟದ ಮೈದಾನದ ಹಿಂದಿನ ಖಾಲಿ ಜಾಗಕ್ಕೆ ಹೋದೆ. ಹೋದದ್ದು ಕಚೇರಿಯ ಬಸ್ಸಿನಲ್ಲಿ ಎಂಬುದನ್ನು ಇಲ್ಲಿ ಪ್ರಥಮ ಬಾರಿಗೆ ತಮ್ಮ ಅವಗಾಹನೆಗೆ ತರುತ್ತಿದ್ದೇನೆ. ತುಯಿರೆ ಪಕ್ಕದಲ್ಲಿ ಕೂತು "ಎಡಕ್ಕೆ! ಎಡಕ್ಕೆ ಮಾರಾಯಾ, ಅದು ನಿನ್ ಬಲ!" ಎಂದು ಕೂಗುತ್ತಿದ್ದಳು. ನಾನು ಎಡಕ್ಕೆ ತಿರುಗಿಸಿದೆ. ಪುಸ್ತಕಗಳು ಬಲಕ್ಕೆ ಹೋದವು. ಮೂರು ಕಪಾಟು ಖಾಲಿಯಾದವು. ಆ ವಾರ ಅಡುಗೆ ಪುಸ್ತಕ ಕೇಳಿದವರಿಗೆಲ್ಲ ಕೊಲೆ ಕಾದಂಬರಿ ಸಿಕ್ಕಿದ್ದಕ್ಕೆ ಇದೇ ಕಾರಣವಿರುತ್ತದೆ. ಯಾರೂ ದೂರು ಕೊಡಲಿಲ್ಲ ಎಂಬುದು ಬೇರೆ ಮಾತು.

ಮರುದಿನ ಹೆಂಡತಿಗೆ ತಿಳಿಸದೆ ಉಲ್ಲೇಖ (2)ನ್ನು ಸಲ್ಲಿಸಿದೆ.

3. ಹೆಂಡತಿಗೆ ತಿಳಿಸಿದವರು ತಾವು. ಸಂತೆ ಚೌಕದ ಕಾಫಿ ಅಂಗಡಿಯಲ್ಲಿ "ಇಲ್ಲೇ ಇರ್ತೀರಂತಲ್ಲ, ಖುಷಿಯಾಯ್ತು" ಎಂದಿರಂತೆ. ತುಯಿರೆ ಕಾಫಿ ಮುಗಿಸಿ, ಮನೆಗೆ ಬಂದು, ಸೌನಾದ ಹಬೆ ಕೋಣೆ ಕಾಯಿಸಿದಳು. ಮೇಲಿನ ಹಲಗೆಯ ಮೇಲೆ ಇಬ್ಬರೂ ಕೂತು ಬೆವರು ಇಳಿಯತೊಡಗಿದ ಮೇಲೆ ಬಾಯಿ ಬಿಟ್ಟಳು.

"ವೆಸಾ, ನಾನು ಒಬ್ಳೇ ಹೋಗ್ತಿದ್ದೀನಾ? ಮೊದಲೇ ಹೇಳಿದ್ರೆ ಒಂದೇ ಸೂಟ್‌ಕೇಸು ತರ್ತಿದ್ದೆ."

"ಹೆದರಿಕೆ ಆಗುತ್ತೆ ಕಣೇ."

"ನನಗೇನು ಕಬ್ಬಿಣದ ಗುಂಡಿಗೆನಾ? ಬಟ್ಟೆ ತುಂಬ್ತೀನಿ, ತೆಗೀತೀನಿ, ತುಂಬ್ತೀನಿ. ನಿನ್ನೆ ಬರೀ ಉಣ್ಣೆ ಟೋಪಿನೇ ಒಂಬತ್ತು ತುಂಬಿದ್ದೆ."

ಅವಳಿಗೂ ಹೆದರಿಕೆಯೆಂದು ನನಗೆ ಗೊತ್ತಿರಲಿಲ್ಲ. ಅವಳು ಬಿಸಿ ಕಲ್ಲಿನ ಮೇಲೆ ಒಂದು ಸೌಟು ನೀರು ಸುರಿದಳು. ಹಬೆಯೊಳಗಿಂದ ಅವಳ ಮಾತು ಬಂತು:

"ಇಪ್ಪತ್ತಾರು ವರ್ಷದಿಂದ ಹೆರಿಗೆ ಮಾಡಿಸ್ತಿದ್ದೀನಿ. ಒಂದೇ ಒಂದು ಮಗುನೂ ನಗ್ತಾ ಹೊರಗೆ ಬಂದದ್ದು ನೋಡಿಲ್ಲ. ಎಲ್ಲಾ ಕಿರುಚ್ಕೊಂಡೇ ಬರೋದು. ಆದ್ರೆ ಅವು ನಿನ್ ಥರ ವಾಪಸ್ ಹೋಗ್ತೀನಂತ ಅರ್ಜಿ ಬರೆಯಲ್ಲ."

ನಾನು ನಕ್ಕೆ. ಅವಳೂ ನಕ್ಕಳು. ಕೆರೆಗೆ ಧುಮುಕಿ ಬಂದು ಉಲ್ಲೇಖ (3)ನ್ನು ಒದ್ದೆ ಕೈಯಲ್ಲೇ ಬರೆದೆ. ಅದರ ಶಾಯಿ ಹರಡಿರುವುದನ್ನು ತಾವು ಗಮನಿಸಿರಬಹುದು.

4. ಇಲ್ಲಿಗೆ ವಿಷಯ ಇತ್ಯರ್ಥವಾಗಬೇಕಿತ್ತು. ಆದರೆ ಜೂನ್ 1ರಂದು, ನಾವು ಅಲ್ಲಿ ಬಾಡಿಗೆಗೆ ಹಿಡಿದಿರುವ ಮನೆಯ ಮಾಲೀಕರು ವಿಡಿಯೊ ಕರೆ ಮಾಡಿ "ಹೇಗಿದ್ದೀರಿ?" ಎಂದು ಕೇಳಿದರು. ನಮ್ಮೂರಲ್ಲಿ ಯಾರೂ ಯಾರನ್ನೂ ಸುಮ್ಮನೆ ಹಾಗೆ ಕೇಳುವುದಿಲ್ಲ. ಕೇಳಿದರೆ ಉತ್ತರ ಬೇಕೆಂದೇ ಅರ್ಥ. ಆದ್ದರಿಂದ ನನಗೆ ಬರುವಷ್ಟು ಇಂಗ್ಲಿಷಿನಲ್ಲಿ ಹೊಟ್ಟೆ, ನಿದ್ರೆ, ಬಲ ಮೊಣಕಾಲು, ತೀರಿಕೊಂಡ ನಾಯಿ, ಈ ಕ್ರಮದಲ್ಲಿ ಹನ್ನೊಂದು ನಿಮಿಷ ವಿವರಿಸಿದೆ. ಆ ಪುಣ್ಯಾತ್ಮರು ಪೂರ್ತಿ ಕೇಳಿ, ಡಾಕ್ಟರ ವಿಳಾಸ ಬೇಕೇ ಎಂದರು. ಅದು ಬರೀ ನಮಸ್ಕಾರದಂಥ ಮಾತು ಎಂದು ತುಯಿರೆ ಆಮೇಲೆ ಹೇಳಿದಳು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ನಮಸ್ಕಾರಕ್ಕೇ ಎಡವಿದವನು ಉಳಿದ ಆಯುಷ್ಯವನ್ನು ಆ ಜನರ ನಡುವೆ ಹೇಗೆ ಕಳೆಯುವುದು? ಉಲ್ಲೇಖ (4)ಕ್ಕೆ ಇದಕ್ಕಿಂತ ದೊಡ್ಡ ಕಾರಣವಿರುವುದಿಲ್ಲ.

5. ನಿನ್ನೆ ನಡೆದದ್ದು. ಹದಿನೇಳನೇ ನಿಲ್ದಾಣದಲ್ಲಿ ಹಿಲ್ಕಾ ಅಜ್ಜಿ ಬಸ್ಸು ಹತ್ತಿದರು. ವಯಸ್ಸು ಎಂಬತ್ತಾರು, ಪ್ರತಿ ಸಲ ನಾಲ್ಕು ಕೊಲೆ ಕಾದಂಬರಿ ಒಯ್ಯುವವರು, ಕೊನೆಯ ಪುಟ ಓದಿ ನೋಡಿಯೇ ಪುಸ್ತಕ ಆರಿಸುವವರು. ಅನ್ನ ತುಂಬಿದ ಬಿಸಿ ಕಡುಬನ್ನು ನನ್ನ ಕೈಗಿಟ್ಟು ಮುಖ ನೋಡಿದರು.

"ಏನ್ ಮಗಾ, ಹೆಣದ ಥರ ಕೂತಿದ್ದೀಯ?"

ನಾನು ಎಲ್ಲ ಹೇಳಿದೆ. ಅಜ್ಜಿ ಮೆಟ್ಟಿಲ ಮೇಲೇ ಕೂತುಬಿಟ್ಟರು.

"ಕೇಳು. ನಾನು ಅರವತ್ತೊಂಬತ್ತನೇ ಇಸವೀಲಿ ಸ್ವೀಡನ್ನಿಗೆ ಕಾರ್ಖಾನೆ ಕೆಲಸಕ್ಕೆ ಹೋದೆ. ಹಡಗು ಹತ್ತಿದವಳೇ ಕಕ್ಕಸಿಗೆ ಹೋಗಿ ಚಿಲಕ ಹಾಕ್ಕೊಂಡೆ. ಸ್ಟಾಕ್‌ಹೋಮ್ ಬಂತು, ಜನ ಎಲ್ಲ ಇಳಿದ್ರು, ನಾನು ಒಳಗೇ. ಕಸ ಗುಡಿಸೋಳು ಬಂದು ಬಾಗಿಲು ಬಡಿದ್ಲು. ಭಯ ಆಗ್ತಿದೆ ಕಣಮ್ಮಾ ಅಂದೆ. ಅವಳೇನಂದ್ಲು ಗೊತ್ತಾ? 'ಭಯಾನೂ ಜೊತೇಲೇ ಕರ್ಕೊಂಡು ಇಳಿ ತಾಯಿ, ನಾನು ನೆಲ ಒರೆಸ್ಬೇಕು' ಅಂದ್ಲು."

"ಆಮೇಲೆ?"

"ಆಮೇಲೇನು, ಇಳಿದೆ. ಅವಳ ನೆಲ ಹಾಳಾಗ್ಬಾರ್ದಲ್ಲ."

"ಭಯ ಯಾವಾಗ ಹೋಯ್ತು ಅಜ್ಜಿ?"

"ಮೂರನೇ ದಿನ ಹಲ್ಲುನೋವು ಶುರುವಾಯ್ತು ನೋಡು, ಭಯಪಡೋಕೆ ಪುರುಸೊತ್ತೇ ಸಿಗ್ಲಿಲ್ಲ."

ಹನ್ನೆರಡು ವರ್ಷ ಅಲ್ಲಿದ್ದರಂತೆ. ಒಳ್ಳೇ ಕಾಲವಂತೆ. ಅಜ್ಜಿ ಪುಸ್ತಕ ಚೀಲಕ್ಕೆ ಹಾಕಿಕೊಂಡು ಇಳಿದು, ತಿರುಗಿ, ಬೀದಿಗೆಲ್ಲ ಕೇಳುವಂತೆ "ಹೇಗಿದ್ದೀಯಾ ವೆಸಾ?" ಎಂದು ಕೂಗಿದರು.

"ಚೆನ್ನಾಗಿದ್ದೀನಿ! ನೀವು?" ಎಂದೆ.

"ನೋಡು, ಎರಡೇ ಮಾತಲ್ಲಿ ಮುಗೀತು," ಎಂದು ಹೋದರು.

ಸಂಜೆ ಮನೆಗೆ ಹೋಗಿ, ಉಲ್ಲೇಖ (4)ರ ವಿಷಯವನ್ನು ಹೆಂಡತಿಗೆ ನಾನೇ ಬಾಯಿಬಿಟ್ಟು ಹೇಳಿದೆ. ಅವಳು ಬೈಯಲಿಲ್ಲ. ಆಗಸ್ಟ್ 14ರ ವಿಮಾನಕ್ಕೆ ಎರಡು ಟಿಕೆಟ್ಟನ್ನು ಆ ಕ್ಷಣವೇ ಕಾದಿರಿಸಿ, "ಕಿಟಕಿ ಸೀಟು ನಂದು" ಎಂದಳು.

6. ನನ್ನ ಹುದ್ದೆಗೆ ಎರಡು ಬಾರಿ ಆಯ್ಕೆಯಾಗಿ ಎರಡು ಬಾರಿ ರದ್ದಾಗಿರುವ ಕುಮಾರಿ ನೂರಾ ತಾಳ್ಮೆಯ ಹುಡುಗಿ. ಇಂದು ಕಂಡು ವಿಷಯ ತಿಳಿಸಿದಾಗ "ಸರ್, ಈ ಸಲ ಖುಷಿಪಡ್ಲಾ, ಇಲ್ಲಾ ಸ್ವಲ್ಪ ದಿನ ತಡೀಲಾ?" ಎಂದಳು. ಖುಷಿಪಡಲು ನನ್ನ ಹೊಣೆಯ ಮೇಲೆ ಅನುಮತಿ ನೀಡಿದ್ದೇನೆ.

ಆದ್ದರಿಂದ, ಮತ್ತು ಮೇಲ್ಕಂಡ ಎಲ್ಲ ಕಾರಣಗಳಿಂದ, ಉಲ್ಲೇಖ (4)ನ್ನು ವಜಾ ಮಾಡಿ ಉಲ್ಲೇಖ (1)ನ್ನು ಅಂತಿಮವೆಂದು ಅಂಗೀಕರಿಸಬೇಕು. ಭಯ ಇನ್ನೂ ಇದೆ. ಅದು ರಾಜೀನಾಮೆಗೆ ಅಡ್ಡಿಯೆಂದು ಪರಿಗಣಿಸಬಾರದು. ಮುಂದುವರಿದು, ಇಂದಿನಿಂದ ವಿಮಾನ ಹೊರಡುವವರೆಗೆ ನನ್ನ ಸಹಿಯುಳ್ಳ ಬೇರಾವ ಅರ್ಜಿಯನ್ನೂ ಕಚೇರಿಯು ಸ್ವೀಕರಿಸಬಾರದು. ನಾನು ಖುದ್ದಾಗಿ ಬಂದು ಕಣ್ಣೀರಿಟ್ಟಲ್ಲಿ, ಕಾಫಿ ಕೊಟ್ಟು ಕಳಿಸಬೇಕಾಗಿ ಕೋರುತ್ತೇನೆ.

ಇನ್ನು ಒಂಬತ್ತು ವಾರಗಳ ಮಟ್ಟಿಗೆ,
ತಮ್ಮ ವಿಶ್ವಾಸಿ,
ವೆಸಾ ಕೀಸ್ಕಿನೆನ್

ಸಾಕ್ಷಿ: ತುಯಿರೆ ಕೀಸ್ಕಿನೆನ್ (ಓದಿ ನೋಡಿ, ನಕ್ಕು, ಸಹಿ ಹಾಕಿದ್ದೇನೆ)

ಲಗತ್ತುಗಳು:
1) ವಿಮಾನ ಟಿಕೆಟ್ಟಿನ ನಕಲು, ಎರಡು. ಹೋಗಲು ಮಾತ್ರ.
2) ಬಸ್ಸಿನ ಹಿಂಬಾಗಿಲ ಹೆಚ್ಚುವರಿ ಕೀಲಿ. ತಿರುಗಿಸುವ ಮುನ್ನ ಬಾಗಿಲನ್ನು ಒಮ್ಮೆ ಒದೆಯುವುದು.
3) ಮೂರು ಕಪಾಟುಗಳ ಪುಸ್ತಕಗಳು ಈಗ ಎಲ್ಲೆಲ್ಲಿವೆ ಎಂಬ ಪಟ್ಟಿ (ಊಹೆ).

ವಿಶೇಷ ಸೂಚನೆ: ಇಂದು ಬೆಳಿಗ್ಗೆ ಎಂಟು ಗಂಟೆಗೆ ತಮ್ಮ ಕೋಣೆಯ ಬಾಗಿಲ ಕೆಳಗೆ ನಾನೇ ತೂರಿಸಿರುವ ಹಳದಿ ಲಕೋಟೆಯನ್ನು ದಯಮಾಡಿ ಒಡೆಯದೆ ಹರಿದುಹಾಕುವುದು.