ಚೀಲವಿಲ್ಲದೆ ಓಡಬಾರದು

ಅದು ಮಂಗಳವಾರ. ನನ್ನ ಹೆಂಡತಿ ಗಿರಣಿಯಲ್ಲಿ ಜೋಳ ಬೀಸಿಸಿಕೊಂಡು ಬಂದು, ಡಬ್ಬಿ ಇಳಿಸಿ, ನೀರು ಕೇಳಿದಳು. ನಾನು ತಂಬಿಗೆ ತರುವಷ್ಟರಲ್ಲಿ ಗೋಡೆಗೆ ಒರಗಿದ್ದಳು; ಮತ್ತೆ ಏಳಲಿಲ್ಲ. ಹಿಟ್ಟು ಇನ್ನೂ ಬಿಸಿಯಾಗಿತ್ತು.

ಕೆಲವು ತಿಂಗಳ ಮೇಲೆ ಡಾಕ್ಟರು, "ಗುರೂಜಿ, ಸಕ್ಕರಿ ಭಾಳ ಏರ್ಯಾದ. ದಿನಾ ಓಡ್ರಿ. ಅನ್ನ ಬಿಟ್ಟು ರೊಟ್ಟಿ ತಿನ್ರಿ" ಎಂದರು. ಮೊದಲನೆಯದನ್ನು ಕೂಡಲೇ ಪಾಲಿಸಿದೆ. ಎರಡನೆಯದಕ್ಕೆ ಗಿರಣಿಗೆ ಹೋಗಬೇಕಿತ್ತು; ಆ ಡಬ್ಬಿ ಎತ್ತಲು ಕೈ ಬರಲಿಲ್ಲ. ಅನ್ನ ತಿಂದು ಓಡುತ್ತಿದ್ದೆ. ಮಹಾರಾಷ್ಟ್ರ ಗಡಿಯ ನಿಲಂಗಾದಂಥ ಸಣ್ಣ ಊರಲ್ಲಿ ಸುಮ್ಮನೆ ಓಡುವವನ ಬೆನ್ನಿಗೆ ಪ್ರಸಂಗಗಳೂ ಓಡಿ ಬರುತ್ತವೆ.

ಗುರುಭಕ್ತಿ

ಮೊದಲ ದಿನ ಬರಿಗೈಯಲ್ಲಿ ಓಡಿದೆ. ಚಹಾದಂಗಡಿಯವರು ಎದ್ದು ನಿಂತು, "ಕಾಯ್ ಝಾಲಂ ಗುರೂಜಿ, ಏನಾತು? ಯಾರು ಹೋದ್ರು?" ಎಂದರು. ಯಾರೂ ಇಲ್ಲ ಎಂದರೆ ನಂಬಲಿಲ್ಲ. ಹಳೆಯ ವಿದ್ಯಾರ್ಥಿಯೊಬ್ಬ ಮೋಟರ್‌ಸೈಕಲ್ ನಿಲ್ಲಿಸಿ, "ಔರಾದ ಬಸ್ಸು ತಪ್ಪೀತೇನ್ರಿ ಸರ? ಕೂಡ್ರಿ" ಎಂದ.

"ಸಕ್ಕರಿ ಏರ್ಯಾದ, ತಬ್ಯೇತ್ ಸಲುವಾಗಿ ಓಡ್ಲಿಕತ್ತೀನಪಾ. ಮೈದಾನದ ತನಕ."

"ಅಷ್ಟು ದೂರ ಓಡಿದ್ರ ತಬ್ಯೇತ್ ಕೆಡ್ತದ ಸರ. ಕೂಡ್ರಿ."

ಕೂತೆ. ಮೈದಾನಕ್ಕೆ ಒಯ್ದ. ನಾನು ಒಂದು ಸುತ್ತು ಓಡುವ ತನಕ ಗಾಡಿ ಬಂದ್ ಮಾಡದೆ ಕಾದು, ತಿರುಗಿ ಮನೆಗೂ ತಂದು ಬಿಟ್ಟ.

ಮರ್ಯಾದಸ್ಥ

ಮರುದಿನ ಚೀಲ ಹಿಡಿದು ಓಡಿದೆ. ಹಾಲು, ತರಕಾರಿಯ ಕೆಲಸವೂ ಆಗಲಿ ಎಂದು. ಯಾರೂ ಏನೂ ಕೇಳಲಿಲ್ಲ. ಕೈಯಲ್ಲಿ ಚೀಲವಿದ್ದರೆ ಎಷ್ಟು ಓಡಿದರೂ ಮನುಷ್ಯ ಮರ್ಯಾದಸ್ಥ. ಆದರೆ ಓಣಿಗೆ ಸುದ್ದಿ ಹಬ್ಬಿತು. "ಹೆಂಗೂ ಓಡ್ತೀರಿ" ಎಂದು ಒಬ್ಬರು ಕೊತ್ತಂಬರಿ ತರಹೇಳಿದರು, ಒಬ್ಬರು ಗುಳಿಗೆ. ಓಟವೆಂದರೆ ಹುಚ್ಚು ಎಂದಿದ್ದ ಊರ ಲೆಕ್ಕ ಬರೆದು ನಿವೃತ್ತರಾದ ತಲಾಠಿಯವರು ಬಾಗಿಲಲ್ಲೇ ನಿಂತು ಗದರಿಸತೊಡಗಿದರು: "ಇವತ್ತ ಸಾವಕಾಶ ಓಡೀರಿ. ಹಾಲಿಲ್ಲದ ಚಹಾ ನಿಂತದ."

ಪಕ್ಕದ ಮನೆಯ ಕಾಕು ನನ್ನ ಕೈಯಲ್ಲಿ ಮೊಸರು ತರಿಸಿದ್ದರು. "ಎಲ್ಲಾರ ಕೆಲಸ ಮಾಡ್ತೀರಿ. ನಿಮ್ಮ ಹಿಟ್ಟು ಒಂದು ತರ್ರಿ ಗುರೂಜಿ, ರೊಟ್ಟಿ ನಾ ಬಡದು ಕೊಡ್ತೀನಿ" ಎಂದರು. ನಾನು ಮೊಸರು ಮುಂದೆ ಹಿಡಿದೆ. ಅವರು ಪಾತ್ರೆಯ ಮುಚ್ಚಳ ತೆಗೆದು ನೋಡಿದರು.

"ಮಜ್ಜಿಗಿ ಆಗ್ಯಾದ. ಇನ್ನೊಂದು ಸುತ್ತು ಓಡಿ ಬರ್ರಿ, ಬೆಣ್ಣಿ ಬಂದೀತು."

ಡಬ್ಬಿ

ಕೊನೆಗೆ ಒಂದು ದಿನ ಡಬ್ಬಿ ಎತ್ತಿದೆ. ಗಿರಣಿಯ ಸಾಲಿನಲ್ಲಿ ಯಾರೂ ನನ್ನ ಹೆಂಡತಿಯ ಮಾತು ತೆಗೆಯಬಾರದು ಎನಿಸಿತ್ತು. ಅದಕ್ಕೆ ನಸುಕಿನಲ್ಲೇ ಹೆಗಲ ಮೇಲಿಟ್ಟುಕೊಂಡು ಓಡಿದೆ. ಒಂದು ಸಂಗತಿ ಮರೆತಿದ್ದೆ. ನಸುಕಿನ ನಿದ್ದೆಯಲ್ಲೇ ಭೂಕಂಪ ಕಂಡ ಸೀಮೆಯಲ್ಲಿ, ಎಷ್ಟು ವರ್ಷವಾದರೂ, ನಸುಕಿನಲ್ಲಿ ಸಾಮಾನು ಹೊತ್ತು ಮನೆಯಿಂದ ಓಡಬಾರದು.

ಅಂಗಡಿ ಕಟ್ಟೆಯ ಮೇಲೆ ಮಲಗಿದ್ದ ಕಿರಾಣಿ ಸಾಹುಕಾರರು ಕಣ್ಣು ಬಿಟ್ಟು, "ಗುರೂಜಿ ಸಾಮಾನ ಹೊತ್ತು ಓಡ್ಯಾರ, ಏಳ್ರಿ" ಎಂದು ಕೂಗಿದರು. ಹಿಂತಿರುಗಿ ನೋಡಿದರೆ ಇಡೀ ಓಣಿ ನನ್ನ ಹಿಂದೆ. ಎಲ್ಲರಿಗಿಂತ ಮುಂದೆ ತಲಾಠಿಯವರು.

ಮೈದಾನದಲ್ಲಿ ನಿಂತೆವು. ನೆಲ ಅಲುಗಲಿಲ್ಲ. ಸಾಹುಕಾರರ ಬಗಲಲ್ಲಿ ಅಂಗಡಿಯ ಗಲ್ಲಾಪೆಟ್ಟಿಗೆ ಇತ್ತು. ಅವರ ಹೆಂಡತಿ ಹಿಂದಿನಿಂದ ನಡೆದು ಬಂದರು.

"ಗಲ್ಲಾ ಎತ್ತಿಕೊಂಡು ಬಂದೀರಿ. ನನ್ನ?"

"ನಿನಗ ಕಾಲ ಅದಾವ. ಗಲ್ಲಾಕ ಎಲ್ಲಿ ಅದಾವ?"

ನಗು ನಿಂತ ಮೇಲೆ ಎಲ್ಲರೂ ನನ್ನ ಕಡೆ ತಿರುಗಿದರು.

"ಜೋಳ ಅದ ರೀ" ಎಂದೆ. "ಗಿರಣಿಗೆ ಹೊಂಟಿದ್ದೆ."

ಅದು ಯಾರ ಡಬ್ಬಿಯೆಂದು ಓಣಿಗೆಲ್ಲ ಗೊತ್ತಿತ್ತು. ಯಾರೂ ಬೈಯಲಿಲ್ಲ. ಕಾಕು ಸೆರಗು ಸರಿಮಾಡಿಕೊಂಡು, "ನಾ ಹಂಚು ಇಡ್ತೀನಿ" ಎಂದು ಮನೆ ಕಡೆ ಹೊರಟರು. ತಲಾಠಿಯವರು ಏದುಸಿರು ಬಿಡುತ್ತ ಹೇಳಿದರು:

"ಹೆಂಗೂ ಹೊಂಟೀರಿ, ಬರೂಮುಂದ ನಮ್ಮ ಹಾಲು ತರ್ರಿ."

ಬರುವಾಗ ಓಡಲಿಲ್ಲ. ಕಾಕುವಿನ ಮನೆ ಮುಟ್ಟಿದಾಗ ಹಿಟ್ಟು ಇನ್ನೂ ಬಿಸಿಯಾಗಿತ್ತು.