ಮೂವತ್ತಾರು ಖಣದ ಡಬ್ಬಿ

ಅವತ್ತು ಬೆಳಿಗ್ಗೆ ಎಂದಿನಂತೆ ಹಾಲು ಕಾಯಿಸಿ, ಹನ್ನೆರಡು ರೊಟ್ಟಿ ಬಡಿದು, ಅಡುಗೆಮನೆ ಗುಡಿಸುತ್ತಿದ್ದೆ. ಗೋಡೆಯಾಚೆ ಸುಶೀಲಕ್ಕನ ಮನೆಯ ಮಗ್ಗಗಳು ಶುರುವಾಗಿದ್ದವು. ಅವು ಶುರುವಾದರೆ ನಮ್ಮ ಫ್ರಿಜ್ಜು ನಿಂತಲ್ಲೇ ಕುಣಿಯುತ್ತದೆ. ಅವತ್ತು ಕುಣಿಯಲಿಲ್ಲ. ನಾನು ರಬಕವಿಗೆ ಸೊಸೆಯಾಗಿ ಬಂದ ಮೇಲೆ ಮೊದಲ ಸಲ ಅದು ಮರ್ಯಾದೆಯಿಂದ ನಿಂತಿತ್ತು. ಬಗ್ಗಿ ನೋಡಿದೆ. ಅದರ ಕಾಲಿನ ಕೆಳಗೆ ನನ್ನ ಕಾರ್ ರೇಸ್!

ಕಾರ್ ರೇಸ್ ಅಂದರೆ ಹಳೆಯ ವಿಡಿಯೋ ಗೇಮಿನ ಕ್ಯಾಸೆಟ್ಟು. ಅಂಥವು ನನ್ನ ಹತ್ತಿರ ಮೂವತ್ತಾರಿವೆ. ಬೆಳಗಾವಿಯ ಕಾನ್ವೆಂಟ್ ಹಾಸ್ಟೆಲಿನಿಂದ ರಜೆಗೆ ಬಂದಾಗೆಲ್ಲ ಅಪ್ಪ ಒಂದೊಂದು ಕೊಡಿಸಿ, ಟಿವಿ ಮುಂದೆ ನನ್ನ ಜೊತೆ ಕೂತು ಆಡುತ್ತಿದ್ದರು. ಕಾರ್ ರೇಸಿನಲ್ಲಿ ಅವರು ಒಮ್ಮೆಯೂ ಗೆದ್ದವರಲ್ಲ. ಈಗ ಅಪ್ಪ ಇಲ್ಲ. ಕ್ಯಾಸೆಟ್ಟಿನ ಬಾಯಿಗೆ ಎರಡು ಸಲ ಊದಿದರೆ ಕಾರು ಮಾತ್ರ ಇವತ್ತಿಗೂ ಓಡುತ್ತದೆ.

ಸಿಟ್ಟು ಬಂದರೆ ಹತ್ತರವರೆಗೆ ಎಣಿಸಬೇಕೆಂದು ಸಿಸ್ಟರ್ ಕಲಿಸಿದ್ದರು. ಎಣಿಸಿದೆ. ಹತ್ತಾದರೂ ಸಿಟ್ಟು ಇದ್ದಲ್ಲೇ ಇತ್ತು. ಇದನ್ನು ಇಲ್ಲಿ ಇಟ್ಟವರು ಯಾರೆಂದು ಕೇಳಿದೆ. ನಮ್ಮವರು ಚಹಾದ ಬಸಿಯಿಂದ ತಲೆ ಎತ್ತಲಿಲ್ಲ.

"ನಾನ. ಹೆಂಗ ಅಳತಿಗೆ ಕುಂತೈತಿ ನೋಡು," ಎಂದರು, ನಾನು ಶಹಬ್ಬಾಸ್ ಹೇಳುತ್ತೇನೆಂಬಂತೆ.

ಅತ್ತೆಯವರದು ಇನ್ನೊಂದು. ನಾಳೆ ಮುಧೋಳದಿಂದ ನಾದಿನಿ ಬರುವವಳು, ಅವಳಿಗೆ ಕಪಾಟು ಖಾಲಿ ಬೇಕು. ಸಂಜೆಯೊಳಗೆ ಈ ಕ್ಯಾಸೆಟ್ಟುಗಳಿಗೆ ಒಂದು ವ್ಯವಸ್ಥೆ ಆಗದಿದ್ದರೆ ಎಲ್ಲವೂ ಗುಜರಿಯವನಿಗೆ ಎಂದು ತೀರ್ಪು ಕೊಟ್ಟರು. ಮೇಲ್ಮನವಿಗೆ ಅವಕಾಶವಿರಲಿಲ್ಲ.

ವ್ಯವಸ್ಥೆ ತಾನೆ? ತೋರಿಸಿಯೇ ಬಿಡುತ್ತೇನೆ ಎಂದುಕೊಂಡೆ. ಒಂದೊಂದು ಕ್ಯಾಸೆಟ್ಟಿಗೂ ಅದರದೇ ಜಾಗವಿರುವ, ಅಳತೆಗೆ ಮಾಡಿಸಿದ ಡಬ್ಬಿ! ಫ್ರಿಜ್ಜಿನ ಕೆಳಗಿಂದ ಕಾರ್ ರೇಸನ್ನು ಎಳೆದು ತೆಗೆದೆ, ಸ್ಕೇಲು ಹಿಡಿದು ಅಳೆದೆ, ಚೀಟಿ ಬರೆದೆ, ಬನಹಟ್ಟಿಗೆ ಹೋದೆ. ಅಲ್ಲಿ ಸೀರೆ ಅಂಗಡಿಗಳಿಗೆ ರಟ್ಟಿನ ಡಬ್ಬಿ ಮಾಡಿಕೊಡುವವರೊಬ್ಬರಿದ್ದಾರೆ. ಪಕ್ಕದಲ್ಲೇ ಅವರ ತಮ್ಮನ ಬಟ್ಟೆ ಅಂಗಡಿ.

ಡಬ್ಬಿಯೊಳಗಿನ ಗೂಡಿಗೆ ಕಂಪಾರ್ಟ್‌ಮೆಂಟ್ ಎಂದರೆ 'ಕಾನ್ವೆಂಟಿನಾಕಿ ಬಂದ್ಲು' ಎಂದು ಇಲ್ಲಿ ನಗುತ್ತಾರೆ. ನಮ್ಮತ್ತೆ ಮಸಾಲೆ ಡಬ್ಬಿಗೆ 'ಏಳು ಖಣದ ಡಬ್ಬಿ' ಅನ್ನುವುದು ನೆನಪಿತ್ತು. ಹಾಗಾಗಿ ಸಿಸ್ಟರ್ ಮೆಚ್ಚಿದ ದುಂಡು ಅಕ್ಷರದಲ್ಲಿ, ಅಪ್ಪಟ ಊರ ಮಾತಿನಲ್ಲಿ ಬರೆದಿದ್ದೆ: 'ಒಂದು ಡಬ್ಬಿ. ಒಳಗೆ ೩೬ ಖಣ. ಅಂಚು ಗಟ್ಟಿ.' ಕೆಳಗೆ ಡಬ್ಬಿಯ ಉದ್ದ, ಅಗಲ, ಎತ್ತರ. ಅಳತೆಗೆಂದು ಒಯ್ದ ಕ್ಯಾಸೆಟ್ಟು ಚೀಲದಲ್ಲೇ ಇತ್ತು. ಈ ವಯಸ್ಸಿಗೆ ಆಟದ ಸಾಮಾನೇ ಅಂದಾರೆಂದು ತೋರಿಸಲಿಲ್ಲ.

ಡಬ್ಬಿಯವರು ಚೀಟಿ ಓದಿ, "ಖಣ ನಾವ ಹಾಕಿ ಕೊಡೂದೇನ್ರಿ?" ಎಂದರು.

"ಮತ್ತ? ನಾ ಏನ್ ಮನ್ಯಾಗ ಹಾಕ್ಕೊಳ್ಳೇನ್ರಿ?"

"ಬಣ್ಣ?"

"ಬೂದಿ ಬಣ್ಣ. ಎಲ್ಲಾ ಒಂದ ಥರಾ ಇರ್ಲಿ."

"ಮಂಗಳಕಾರ್ಯಕ್ಕ ಬೂದಿ ಬಣ್ಣ ಬ್ಯಾಡ್ರಿ ಅಕ್ಕಾರ. ಹಸರು ಹಾಕ್ತೇನಿ."

ನನ್ನ ಕ್ಯಾಸೆಟ್ಟುಗಳ ಕೆಲಸವನ್ನು ಮಂಗಳಕಾರ್ಯವೆಂದವರು ಈ ಭೂಮಿಯ ಮೇಲೆ ಅವರೊಬ್ಬರೇ. ಕಣ್ಣು ತೇವವಾಯಿತು.

ನಾಲ್ಕು ಗಂಟೆಗೆ ಅವರೇ ಡಬ್ಬಿ ತಂದರು. ಅಳತೆ ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಮುಚ್ಚಳ ತೆಗೆದೆ. ಒಳಗೆ ಹಸಿರು ಕುಪ್ಪಸದ ಖಣ, ಜರಿ ಅಂಚಿನವು, ಮಡಿಕೆ ಮುರಿಯದವು. ಎಣಿಸಿ ಮೂವತ್ತಾರು. ಕಂಪಾರ್ಟ್‌ಮೆಂಟ್ ಒಂದೂ ಇಲ್ಲ.

ಈ ಸಲ ನಾನು ಎಣಿಸಲು ಹೋಗಲಿಲ್ಲ. ಜನ್ಮದಲ್ಲಿ ಎತ್ತದ ದನಿ ಎತ್ತಿದೆ. ಖಣ ಅಂದರೆ ಗೂಡು, ಬಟ್ಟೆಯಲ್ಲ, ಇಷ್ಟೂ ತಿಳಿಯುವುದಿಲ್ಲವೇ ಎಂದು ಕೂಗಿದೆ. ಅವರು ಮೆಲ್ಲಗೆ ಜೇಬಿನಿಂದ ನನ್ನದೇ ಚೀಟಿ ತೆಗೆದು ಮುಂದೆ ಹಿಡಿದರು.

"ಅಕ್ಷರ ಭಾಳ ಛಲೋ ಅದಾವ್ರಿ," ಎಂದರು.

ವಾಪಸು ಒಯ್ಯಿರಿ ಎನ್ನುವಷ್ಟರಲ್ಲಿ ಅತ್ತೆ ಅಡ್ಡ ಬಂದರು. ಮನೆಗೆ ಬಂದ ಖಣವನ್ನು ಮುತ್ತೈದೆ ತಿರುಗಿ ಕಳಿಸಬಾರದಂತೆ. ಬೆಳಿಗ್ಗೆ ಕ್ಯಾಸೆಟ್ಟುಗಳನ್ನು ಗುಜರಿಗೆ ಕಳಿಸಲು ಹೊರಟಿದ್ದವರು ಇವರೇ!

ಗುಜರಿಯ ಗಡುವು ಹತ್ತಿರವಾಗುತ್ತಿತ್ತು. ಸಿಟ್ಟಿನಲ್ಲೇ ಒಂದು ಖಣ ಬಿಚ್ಚಿ ಒಂದು ಕ್ಯಾಸೆಟ್ಟು ಸುತ್ತಿದೆ. ಇನ್ನೊಂದು ಸುತ್ತಿದೆ. ಸುತ್ತುತ್ತ ಗಂಡನನ್ನು, ಫ್ರಿಜ್ಜನ್ನು, ಬನಹಟ್ಟಿಯನ್ನು, ಕನ್ನಡ ಭಾಷೆಯನ್ನು ಮನಸ್ಸಿನಲ್ಲೇ ಬೈದೆ. ಮೂವತ್ತಾರೂ ಮುಗಿದಾಗ ನೋಡಿದರೆ, ಡಬ್ಬಿಯಲ್ಲಿ ಸಾಲಾಗಿ, ಒತ್ತಾಗಿ, ಜರಿ ಅಂಚು ಮೇಲೆ ಮಾಡಿ ಕೂತಿವೆ. ರಟ್ಟಿನ ಗೂಡಿನಲ್ಲಿ ಇಷ್ಟು ಬೆಚ್ಚಗೆ ಇರುತ್ತಿದ್ದವೇ? ಕಾರ್ ರೇಸನ್ನು ಎಲ್ಲಕ್ಕಿಂತ ಮೇಲಿಟ್ಟೆ. ನಮ್ಮವರನ್ನು ಕರೆದು ತೋರಿಸಿದೆ. ಬುದ್ಧಿ ಇದ್ದವರಿಗೆ ತಪ್ಪೂ ಕೆಲಸಕ್ಕೆ ಬರುತ್ತದೆ ಎಂದು ಸಣ್ಣ ಭಾಷಣವನ್ನೂ ಮಾಡಿದೆ. ಆಮೇಲೆ ದೀಪ ಹಚ್ಚುವ ಹೊತ್ತಾಯಿತೆಂದು ಹಿತ್ತಲು ಗುಡಿಸಿ, ಮುಖ ತೊಳೆಯಲು ಹೋದೆ.

ಬಂದು ನೋಡಿದರೆ ಮೇಲಿನ ಸಾಲಿನಲ್ಲಿ ಹಲ್ಲು ಬಿದ್ದಂತೆ ಕಾರ್ ರೇಸಿನ ಜಾಗ ಖಾಲಿ. ಅತ್ತೆಯವರನ್ನು ಕೇಳಿದೆ. ಸುಶೀಲಕ್ಕ ಹೆಪ್ಪಿಗೆ ಮೊಸರು ಕೇಳಲು ಬಂದಿದ್ದರಂತೆ. ದೀಪದ ಹೊತ್ತಿಗೆ ಬಂದ ಮುತ್ತೈದೆಗೆ ಬರೀ ಕುಂಕುಮ ಹೆಂಗ ಕೊಡೋದು, ಕೈಗೆಟುಕಿದ ಖಣ ಒಂದು ಕೊಟ್ಟೆ ಎಂದರು.

ಒದ್ದೆ ಮುಖದಲ್ಲೇ ಕಾಂಪೌಂಡಿಗೆ ಓಡಿದೆ. ಗೋಡೆಯಾಚೆ ಸುಶೀಲಕ್ಕ ಹಸಿರು ಖಣವನ್ನು ಹೆಗಲ ಮೇಲೆ ಹಾಕಿಕೊಂಡು ಬಣ್ಣ ನೋಡಿಕೊಳ್ಳುತ್ತಿದ್ದರು. ನಾನು ಬಾಯಿ ತೆರೆಯುವ ಮೊದಲೇ ಅಂದರು:

"ಖಣ ಭಾಳ ಛಲೋ ಐತಿ ನೋಡವಾ. ಒಳಗ ಎಷ್ಟ್ ಗಟ್ಟಿ ಹಲಗಿ ಇಟ್ಟಿದ್ರಿ, ನಮ್ಮ ಫ್ರಿಜ್ಜಿನ ಕಾಲಿಗೆ ಅಳತಿ ಕೊಟ್ಟು ಮಾಡ್ಸಿದಂಗ ಕುಂತೈತಿ."